ನಿಮ್ಮಲ್ಲಿ ಎಷ್ಟು ಮಳೆ?

ನಮ್ಮ ಮೂಡಿಗೆರೆ ಕಡೆ ಸಾವಿನ ಮನೆಗೆ ಹೋಗಿ ಬರುವುದನ್ನು ಯಾರೂ ಕಲಿಸಬೇಕಿಲ್ಲ. ಸುದ್ದಿ ಬಂದ ಕೂಡಲೇ ಜೀಪು ಹೊರಡುತ್ತದೆ, ಅಕ್ಕಪಕ್ಕದ ಮನೆಗಳಿಂದ ಅನ್ನ ಸಾರು ಬರುತ್ತದೆ, ಹನ್ನೊಂದನೇ ದಿನದ ತಿಥಿಗೆ ಚಪ್ಪರದ ತುಂಬ ಜನ. ನನಗೆ ಗೊತ್ತಿಲ್ಲದೇ ಇದ್ದದ್ದು ಹನ್ನೆರಡನೇ ದಿನ ಏನು ಮಾಡಬೇಕು ಅನ್ನುವುದು.

ಮೊದಲ ಸಲ ಕೆಡಿಸಿದ್ದೆ. ಕಾಲೇಜಿನಿಂದ ಜೊತೆಗಿದ್ದವಳ ಅಮ್ಮ ತೀರಿಕೊಂಡಾಗ ಅವಳ ಕೈ ಹಿಡಿದು "ವಯಸ್ಸಾಗಿತ್ತಲ್ಲೇ, ನರಳದೆ ಹೋದ್ರು, ಪುಣ್ಯ ಮಾಡಿದ್ರು" ಅಂದೆ. ಹೊರಡುವಾಗ "ಏನಾದ್ರೂ ಬೇಕಿದ್ರೆ ಫೋನ್ ಮಾಡು" ಅಂತಲೂ ಅಂದೆ. ಅವಳು ಮಾಡಲಿಲ್ಲ, ನಾನೂ ಮಾಡಲಿಲ್ಲ. ವರ್ಷ ಕಳೆದು ಒಂದು ಮದುವೆಯಲ್ಲಿ ಸಿಕ್ಕಾಗ ಹೇಳಿದಳು: "ಅಮ್ಮಂಗೆ ವಯಸ್ಸಾಗಿತ್ತು ಅಂತ ನಂಗೆ ಗೊತ್ತಿರಲಿಲ್ವಾ ಮಾರಾಯ್ತಿ?" ನಗುತ್ತಲೇ ಅಂದದ್ದು. ಆ ನಗು ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ಇನ್ನೊಬ್ಬ ಗೆಳತಿಯ ಗಂಡ ಡಿಸೆಂಬರಿನಲ್ಲಿ ಹೃದಯಾಘಾತದಿಂದ ಹೋದಾಗ ಬಾಯಿ ಮುಚ್ಚಿಕೊಂಡು ಅವರ ತೋಟಕ್ಕೆ ಇಳಿದೆ. ಅರೇಬಿಕಾ ಕೊಯ್ಲು ಅರ್ಧಕ್ಕೆ ನಿಂತಿತ್ತು. ಸೂತಕ ಅಂತ ಹಣ್ಣು ಕಾಯುವುದಿಲ್ಲ, ಉದುರುತ್ತದೆ. ಕೊಯ್ದದ್ದನ್ನು ಅದೇ ದಿನ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕದಿದ್ದರೆ ಹುಳಿ ಬಂದು ಒಳಗಿನ ಬೀಜ, ಅಂದರೆ ಪಾರ್ಚ್‌ಮೆಂಟ್ ಕೆಡುತ್ತದೆ. ಏನು ಸಹಾಯ ಬೇಕು ಅಂತ ಕೇಳಲಿಲ್ಲ. "ಸಂಜೆ ತೂಕ ನಾನು ಬರ್ಕೊಳ್ತೀನಿ, ಆಳುಗಳ ಲೆಕ್ಕ ಶನಿವಾರ ತೋರಿಸ್ತೀನಿ" ಅಂದೆ. ತಲೆ ಆಡಿಸಿದಳು. ಇಪ್ಪತ್ತು ದಿನ ಬೆಳಿಗ್ಗೆ ಕಣದಲ್ಲಿ ಕಾಫಿ ಹರವಿಸಿದೆ, ಸಂಜೆ ಇಬ್ಬನಿಗೆ ಮೊದಲು ರಾಶಿ ಮಾಡಿಸಿ ಟಾರ್ಪಾಲು ಹೊದಿಸಿದೆ. ನಮ್ಮ ತೋಟದ ಕೆಲಸ ಯಜಮಾನರ ತಲೆಗೆ ಬಿತ್ತು. ಗೊಣಗಿದರು, ಮಾಡಿದರು.

ಕಾಗದಪತ್ರಕ್ಕೂ ಜೊತೆಗೆ ಓಡಾಡಿದೆ. ಮರಣ ನೋಂದಣಿ 21 ದಿನದೊಳಗೆ ಆಗಬೇಕು. ಬ್ಯಾಂಕು, ವಿಮೆ, ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಅಂತ ಎಲ್ಲರೂ ಪ್ರಮಾಣಪತ್ರ ಕೇಳುತ್ತಾರೆ, ಎಂಟು ಪ್ರತಿ ತೆಗೆಸಿದೆವು. ವಂಶವೃಕ್ಷಕ್ಕೆ ನಾಡಕಚೇರಿಗೆ ಹೋದ ದಿನ ಅವರ ಹೆಸರಿನ ಹಿಂದೆ 'ದಿವಂಗತ' ಅಂತ ಬರೆಯುವಾಗ ಅವಳ ಪೆನ್ನು ನಿಂತುಬಿಟ್ಟಿತು. ನಾನು ಪೆನ್ನು ಇಸಿದುಕೊಳ್ಳಲಿಲ್ಲ. ಹಿಂದೆ ನಿಂತವರಿಗೆ "ನೀವು ಮುಂದೆ ಹೋಗಿ" ಅಂದೆ, ಅಷ್ಟೇ.

ಆರು ವಾರವಾದರೂ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಅಂದಾಗ ಇದು ನನ್ನ ಕೈ ಮೀರಿದ್ದು ಅನಿಸಿತು. 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ನಾನೇ ಫೋನ್ ಹಚ್ಚಿ ಅವಳ ಕೈಗೆ ಕೊಟ್ಟು ಹಿತ್ತಲಿಗೆ ಹೋದೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ವಿಷಯದಲ್ಲಿ ನಾನು ಹೆದರುಪುಕ್ಕಿ. ಬಂದವರೆಲ್ಲ ಭಾವನ ಮಾತು ತಪ್ಪಿಸುತ್ತಿದ್ದರು, ನಾನೂ ಅಷ್ಟೇ. (ಅವಳ ಗಂಡನನ್ನು ನಾನು ಭಾವ ಅಂತಲೇ ಕರೆಯುತ್ತಿದ್ದದ್ದು.) ಒಂದು ಸಂಜೆ ಕಣದ ಅಂಚಿನಲ್ಲಿ "ಈ ಟಾರ್ಪಾಲಿನ ಗಂಟು ನೋಡಿದ್ರೆ ಭಾವ ಬೈತಿದ್ರು" ಅಂತ ಬಾಯಿ ತಪ್ಪಿ ಬಂತು. ನಾಲಿಗೆ ಕಚ್ಚಿಕೊಂಡೆ. ಅವಳು ಅತ್ತಳು. ಅತ್ತು, ಮೂಗು ಒರೆಸಿಕೊಂಡು, ರಾತ್ರಿ ಒಂಬತ್ತರ ತನಕ ಅವರ ಗಂಟು, ಅವರ ಸಿಟ್ಟು, ಅವರ ಮಳೆ ಲೆಕ್ಕದ ಹುಚ್ಚು, ಎಲ್ಲ ಹೇಳಿದಳು. ಮಳೆ ಬಂದ ಮರುದಿನ ಬೆಳಿಗ್ಗೆ ಮಾಪಕ ನೋಡಿ ಡೈರಿಯಲ್ಲಿ ಇಂಚು, ಸೆಂಟು (ಇಂಚಿನ ನೂರರಲ್ಲೊಂದು ಭಾಗ) ಬರೆದು ಭಾವ ನಮಗೆ ಫೋನ್ ಮಾಡುತ್ತಿದ್ದರು: "ನಿಮ್ಮಲ್ಲಿ ಎಷ್ಟು?" ನಮ್ಮದು ಜಾಸ್ತಿ ಇದ್ದರೆ ನಂಬುತ್ತಲೇ ಇರಲಿಲ್ಲ.

ಮಾರ್ಚ್ ಕೊನೆಗೆ ಕಾಫಿ ಹೂ ಅರಳಿಸುವ ಹೂಮಳೆ ಬಂತು. ಬೆಳಿಗ್ಗೆ ಫೋನ್ ಮಾಡಲೋ ಬೇಡವೋ ಅಂತ ಲೋಟದ ಕಾಫಿ ಆರುವ ತನಕ ಕೂತಿದ್ದು, ಕಡೆಗೆ ಮಾಡಿದೆ.

"ನಿಮ್ಮಲ್ಲಿ ಎಷ್ಟು?"

ಸ್ವಲ್ಪ ಹೊತ್ತು ಮಾತಿಲ್ಲ. "ನೋಡಿಲ್ಲ ಕಣೇ. ಇರು."

ಚಪ್ಪಲಿ ಸದ್ದು, ನಾಯಿ ಬೊಗಳಿದ್ದು, ಮತ್ತೆ ಚಪ್ಪಲಿ. "ಒಂದು ಇಂಚು ಹತ್ತು ಸೆಂಟು. ನಿಮ್ಮಲ್ಲಿ?"

"ಒಂದು ಇಂಚು ಇಪ್ಪತ್ತು."

"ಸುಳ್ಳು ಹೇಳ್ಬೇಡ" ಅಂದಳು.