ಸ್ನೂಕರ್‌ನಿಂದ ನೈನ್-ಬಾಲ್‌ಗೆ: ಘೋಸ್ಟ್ ಜೊತೆ ನನ್ನ ಅಭ್ಯಾಸ

ಸ್ನೂಕರ್ ಆಡಿ ಬಂದವರು ಪೂಲ್‌ನಲ್ಲೂ ಗೆಲ್ಲಬಹುದು. ಸ್ನೂಕರ್ ಆಟಗಾರರಾದ ಸ್ಟೀವ್ ಡೇವಿಸ್, ಟೋನಿ ಡ್ರಾಗೋ ಇಬ್ಬರೂ ಯುರೋಪ್-ಅಮೆರಿಕ ತಂಡಗಳ ಪೂಲ್ ಪಂದ್ಯಾವಳಿ ಮೋಸ್ಕೋನಿ ಕಪ್‌ನಲ್ಲಿ ಯುರೋಪ್ ಪರ ಆಡಿದವರು. ಪೂಲ್‌ನಲ್ಲಿ ಚೆಂಡು ಸ್ನೂಕರ್‌ನ 52.5 ಮಿ.ಮೀ. ಬದಲು 57.15, ಆಡುವ ಜಾಗ ಚಿಕ್ಕದು, 100 × 50 ಇಂಚು, ಪಾಕೆಟ್ ಅಗಲ. ಹಾಗಾಗಿ ಪಾಟ್ ಮಾಡುವುದು (ಚೆಂಡನ್ನು ಪಾಕೆಟ್‌ಗೆ ಹಾಕುವುದು) ಬೇಗ ಕೈಗೆ ಬರುತ್ತದೆ. ಕಷ್ಟ ಇರುವುದು ಬೇರೆ ಕಡೆ: 1ರಿಂದ 9ರವರೆಗಿನ ಚೆಂಡುಗಳ ಪೂಲ್ ಆಟವಾದ ನೈನ್-ಬಾಲ್‌ನಲ್ಲಿ ಕ್ಯೂ ಬಾಲ್ (ಕೋಲಿನಿಂದ ಹೊಡೆಯುವ ಬಿಳಿ ಚೆಂಡು) ಮೊದಲು ಟೇಬಲ್ ಮೇಲಿರುವ ಅತಿ ಚಿಕ್ಕ ನಂಬರಿಗೇ ತಗುಲಬೇಕು. ಪೊಸಿಷನ್ (ಮುಂದಿನ ಹೊಡೆತಕ್ಕೆ ಕ್ಯೂ ಬಾಲ್ ನಿಲ್ಲುವ ಜಾಗ) ತಪ್ಪಿದರೆ ಸ್ನೂಕರ್‌ನಂತೆ ಇನ್ನೊಂದು ಕೆಂಪು ಹುಡುಕಿಕೊಳ್ಳುವ ಅವಕಾಶ ಇಲ್ಲಿಲ್ಲ.

ಇದಕ್ಕೆ ಘೋಸ್ಟ್, ಅಂದರೆ ಎಂದೂ ತಪ್ಪದ ಕಾಲ್ಪನಿಕ ಎದುರಾಳಿಯ ಜೊತೆ ಒಬ್ಬರೇ ಆಡುವ ಆಟಕ್ಕಿಂತ ಒಳ್ಳೆಯ ಅಭ್ಯಾಸ ನಾನು ಕಂಡಿಲ್ಲ. ಬ್ರೇಕ್ ಮಾಡಿ (ಮೊದಲ ಹೊಡೆತದಲ್ಲಿ ಚೆಂಡುಗಳನ್ನು ಚದುರಿಸಿ), ಕ್ಯೂ ಬಾಲನ್ನು ಬೇಕಾದಲ್ಲಿ ಇಟ್ಟುಕೊಂಡು, ಉಳಿದ ಚೆಂಡುಗಳನ್ನೆಲ್ಲ ಕ್ರಮವಾಗಿ ಹಾಕಬೇಕು. ಒಂದು ತಪ್ಪಿದರೂ ಆ ಸುತ್ತು, ಅಂದರೆ ರ‍್ಯಾಕ್ ಘೋಸ್ಟ್‌ಗೆ. ಯಾರು ಮೊದಲು 7 ಸುತ್ತು ಗೆಲ್ಲುತ್ತಾರೋ ಅವರ ಗೆಲುವು. ಒಂಬತ್ತು ಚೆಂಡಲ್ಲಿ ಸೋಲುತ್ತಲೇ ಇದ್ದರೆ ಆರಕ್ಕೆ ಇಳಿಯಿರಿ, ಅಲ್ಲಿ ಗೆಲ್ಲತೊಡಗಿದ ಮೇಲೆ ಏಳು.

ಪ್ರತಿ ಹೊಡೆತಕ್ಕೂ ಮುಂದಿನ ಮೂರು ಚೆಂಡು ನೋಡುತ್ತೇನೆ: 1 ಹಾಕುವಾಗ 2ರ ಯಾವ ಬದಿಗೆ ನಿಂತರೆ 3ಕ್ಕೆ ಹೋಗಬಹುದು ಅಂತ. ನೇರ ಸಾಲು ಸಿಕ್ಕರೆ ಖುಷಿಪಡಬೇಡಿ, ಅಲ್ಲಿಂದ ಕ್ಯೂ ಬಾಲನ್ನು ಅಡ್ಡಕ್ಕೆ ಒಯ್ಯುವುದು ಕಷ್ಟ. ಸ್ವಲ್ಪ ಕೋನ ಇರಲೇಬೇಕು. ಸ್ಟನ್ (ತಗುಲುವಾಗ ಕ್ಯೂ ಬಾಲ್ ಮುಂದಕ್ಕೂ ಹಿಂದಕ್ಕೂ ಉರುಳದೆ ಜಾರುತ್ತಿರುವ ಹೊಡೆತ) ಹೊಡೆದರೆ ಕ್ಯೂ ಬಾಲ್, ಚೆಂಡು ಹೋದ ದಾರಿಗೆ 90 ಡಿಗ್ರಿಯಲ್ಲಿ ಹೊರಡುತ್ತದೆ. ಉರುಳುತ್ತಾ ಬಂದು ಅರ್ಧ ಚೆಂಡಿಗೆ ತಗುಲಿದರೆ, ತಾನು ಬರುತ್ತಿದ್ದ ದಿಕ್ಕಿನಿಂದ ಸುಮಾರು 30 ಡಿಗ್ರಿ ತಿರುಗುತ್ತದೆ. ಈ ಎರಡು ದಾರಿ ಕಣ್ಣಿಗೆ ಕೂತರೆ ಸೈಡ್ ಹಾಕುವ (ಕ್ಯೂ ಬಾಲನ್ನು ನಡುವಿನಿಂದ ಪಕ್ಕಕ್ಕೆ ಹೊಡೆದು ತಿರುಗಿಸುವ) ಪ್ರಮೇಯವೇ ಎಷ್ಟೋ ಕಡಿಮೆ. ಸೈಡ್ ಹಾಕಲೇಬೇಕಾದರೆ ನೆನಪಿರಲಿ: ಬಲಕ್ಕೆ ಹೊಡೆದರೆ ಕ್ಯೂ ಬಾಲ್ ಎಡಕ್ಕೆ ತುಸು ಸರಿದು ಹೊರಡುತ್ತದೆ. ಎಷ್ಟು ಸರಿಯುತ್ತದೆ ಅನ್ನುವುದು ಶಾಫ್ಟ್ (ಕ್ಯೂ ಕೋಲಿನ ಮುಂಭಾಗ) ಮೇಲೆ ನಿಂತಿದೆ, ಆದ್ದರಿಂದ ಕ್ಯೂ ಪದೇಪದೇ ಬದಲಿಸಬಾರದು.

ಬ್ರೇಕ್‌ಗೆ ಗಟ್ಟಿ ಟಿಪ್ಪಿನ ಬೇರೆ ಕ್ಯೂ ಇಟ್ಟುಕೊಳ್ಳಿ. ಪೂರ್ತಿ ಬಲ ಬೇಡ. 1ನೇ ಚೆಂಡಿಗೆ ನಟ್ಟನಡುವೆ ತಗುಲಿದರೆ ಕ್ಯೂ ಬಾಲ್ ಟೇಬಲ್ ಮಧ್ಯದಲ್ಲೇ ನಿಲ್ಲುತ್ತದೆ. ಕೂದಲೆಳೆ ಪಕ್ಕಕ್ಕೆ ಬಿದ್ದರೂ ಸೈಡ್ ಪಾಕೆಟ್ ಕಡೆ ಓಡುತ್ತದೆ.

ಮಳೆಗಾಲದಲ್ಲಿ ಬಟ್ಟೆ ತೇವ ಹಿಡಿದರೆ ಚೆಂಡು ನಿಧಾನ, ಕುಷನ್‌ನಿಂದ (ಟೇಬಲ್ ಅಂಚಿನ ರಬ್ಬರ್) ಬರುವ ಕೋನವೂ ಗಿಡ್ಡ. ಮ್ಯಾಚಿಗೆ ಮುಂಚೆ ಎರಡು-ಮೂರು ಕುಷನ್‌ನ ಹೊಡೆತ ಕೆಲವು ಸಲ ಹೊಡೆದು, ಚೆಂಡು ಎಲ್ಲಿ ಬಂದು ಮುಟ್ಟುತ್ತದೆ ನೋಡಿಕೊಂಡೇ ಆಟಕ್ಕೆ ಇಳಿಯಿರಿ.