ಹಳೇ ಕಾರಿನ ಕ್ರೂಸ್ ಕಂಟ್ರೋಲ್ ಹಿಡಿಯದಿದ್ದರೆ ಎಲ್ಲಿಂದ ಶುರುಮಾಡಬೇಕು?

1980–90ರ ದಶಕದ ಬಹಳಷ್ಟು ಅಮೆರಿಕನ್ ಪೆಟ್ರೋಲ್ ಕಾರುಗಳಲ್ಲಿ ಕ್ರೂಸ್ ಕಂಟ್ರೋಲ್ (ಆಕ್ಸಿಲರೇಟರ್ ತುಳಿಯದೆಯೇ ಒಂದೇ ವೇಗ ಕಾಯುವ ವ್ಯವಸ್ಥೆ) ನಡೆಯುವುದು ಗಾಳಿ ಎಳೆದುಕೊಳ್ಳುವ ಎಂಜಿನ್ನಿನ ವ್ಯಾಕ್ಯೂಮ್‌ನಿಂದ. ಇನ್‌ಟೇಕ್ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ) ಎಳೆತ ಸಣ್ಣ ಹೋಸಿನಲ್ಲಿ ಸರ್ವೋಗೆ, ಅಂದರೆ ವೇಗ ಕಾಯುವ ಘಟಕಕ್ಕೆ, ಬರುತ್ತದೆ. ಅದರೊಳಗಿನ ರಬ್ಬರ್ ಡಯಾಫ್ರಮ್ (ಹಾಳೆಯಂಥ ಪೊರೆ) ಕೇಬಲ್ ಎಳೆದು ಥ್ರಾಟಲ್, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ತೆರೆಯುತ್ತದೆ. ಎಲ್ಲಾದರೂ ಸ್ವಲ್ಪ ಅನುಮಾನ ಬಂದರೂ ವೇಗ ಹಿಡಿಯುವುದನ್ನು ಬಿಟ್ಟುಬಿಡುವಂತೆ ಇದನ್ನು ಕಟ್ಟಿದ್ದಾರೆ. ಹಾಗಾಗಿ ಸರ್ವೋಗೆ ದುಡ್ಡು ಸುರಿಯುವ ಮೊದಲು ಕ್ರೂಸನ್ನು ತಡೆಯುತ್ತಿರುವುದು ಯಾವುದು ಎಂದು ಹುಡುಕಿ. ವೇಗ ಗಂಟೆಗೆ 40–50 ಕಿ.ಮೀ. ದಾಟದೆ ಸೆಟ್ ಆಗುವುದೇ ಇಲ್ಲ, ಅದು ದೋಷವಲ್ಲ.

ಫ್ಯೂಸ್ ನೋಡಿಕೊಂಡು ನೇರ ಕಾರಿನ ಹಿಂಬದಿಗೆ ಹೋಗಿ. ಒಬ್ಬರು ಬ್ರೇಕ್ ತುಳಿಯಲಿ, ಎಲ್ಲ ಬ್ರೇಕ್ ದೀಪಗಳೂ ಹತ್ತಬೇಕು. ಕಾಲು ತೆಗೆದ ಕೂಡಲೇ ಎಲ್ಲವೂ ಆರಬೇಕು. ಆ ಕಾಲದ ಫೋರ್ಡ್ ಕಾರುಗಳಲ್ಲಿ ಕ್ರೂಸ್ ಮಾಡ್ಯೂಲು (ಕ್ರೂಸನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಬ್ರೇಕ್ ಬಲ್ಬಿನ ಫಿಲಮೆಂಟ್, ಅಂದರೆ ಒಳಗಿನ ತಂತಿ, ಮೂಲಕವೇ ಅರ್ತ್ ನೋಡುತ್ತದೆ. ಬಲ್ಬುಗಳು ಸುಟ್ಟಿದ್ದರೆ, ಅಥವಾ ಯಾರೋ ಎಲ್‌ಇಡಿ ಹಾಕಿದ್ದರೆ, ಬ್ರೇಕ್ ತುಳಿದಿದ್ದಾರೆ ಎಂದೇ ಅದು ತಿಳಿಯುತ್ತದೆ. ಹಳೇ ಮಾದರಿಯ ಬಲ್ಬ್ ಹಾಕಿ ನೋಡಿ.

ಮುಂದಿನದು ಬ್ರೇಕ್ ಪೆಡಲ್ ಮೇಲಿನ ವ್ಯಾಕ್ಯೂಮ್ ವಾಲ್ವ್. ಪೆಡಲ್ ಒತ್ತಿದಾಗ ಇದು ಸರ್ವೋದೊಳಗೆ ಗಾಳಿ ಬಿಡುತ್ತದೆ. ಸರಿಯಾಗಿ ಕೂರದಿದ್ದರೆ ಸದಾ ಸೋರುತ್ತಿರುತ್ತದೆ. ಜಿಎಂ (ಜನರಲ್ ಮೋಟಾರ್ಸ್) ಕಾರುಗಳಲ್ಲಿ ಹೊಂದಿಸುವುದು ಸುಲಭ: ಪೆಡಲನ್ನು ಒತ್ತಿ ಹಿಡಿದು ವಾಲ್ವನ್ನು ಕ್ಲಿಪ್ಪಿನೊಳಗೆ ಪೂರ್ತಿ ತಳ್ಳಿ, ಕಟಕಟ ಸದ್ದು ಬರುತ್ತದೆ. ಆಮೇಲೆ ಪೆಡಲನ್ನು ಸದ್ದು ನಿಲ್ಲುವವರೆಗೂ ನಿಮ್ಮ ಕಡೆಗೆ ಎಳೆಯಿರಿ. ಬ್ರೇಕ್ ಸ್ವಿಚ್ಚಿಗೂ ಇದೇ ಕ್ರಮ. ಗೇರ್ ಕಾರಾದರೆ ಕ್ಲಚ್ ಸ್ವಿಚ್ ಮರೆಯಬೇಡಿ.

ಈಗ ಹೋಸು. ಹೊರಗಿಂದ ಚೆನ್ನಾಗಿಯೇ ಕಾಣುತ್ತದೆ, ಅಲ್ಲೇ ಮೋಸ. ತಿರುವಿನ ಜಾಗದಲ್ಲಿ ಬೆರಳಿಂದ ಬಗ್ಗಿಸಿ: ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಡುತ್ತವೆ, ಕೈಗೆ ಕಪ್ಪು ಅಂಟುತ್ತದೆ. ಅಂಥದ್ದಕ್ಕೆ ಟೇಪ್ ಸುತ್ತಬೇಡಿ, ವ್ಯಾಕ್ಯೂಮ್ ಹೋಸನ್ನೇ ತಂದು ಹಾಕಿ. ಗೇಜ್ ಇದ್ದರೆ ಮ್ಯಾನಿಫೋಲ್ಡಿನ ತುದಿಯಲ್ಲೂ ಸರ್ವೋ ತುದಿಯಲ್ಲೂ ಅಳೆಯಿರಿ. ಆರೋಗ್ಯವಂತ ಎಂಜಿನ್ ಆಕ್ಸಿಲರೇಟರ್ ಒತ್ತದೆ ಓಡುವ ಐಡಲ್‌ನಲ್ಲಿ ಪಾದರಸದ 17–21 ಇಂಚು ತೋರಿಸುತ್ತದೆ; ಎರಡು ತುದಿಗಳ ನಡುವೆ ಹೆಚ್ಚು ವ್ಯತ್ಯಾಸವಿದ್ದರೆ ಸೋರಿಕೆ ಮಧ್ಯದಲ್ಲಿದೆ. ಸಮತಟ್ಟಿನಲ್ಲಿ ಸರಿ, ಏರಿನಲ್ಲಿ ಮಾತ್ರ ವೇಗ ಬೀಳುತ್ತಿದ್ದರೆ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಗಾಳಿ ಬಿಡುವ ವಾಲ್ವ್) ಅಥವಾ ವ್ಯಾಕ್ಯೂಮ್ ಕೂಡಿಟ್ಟುಕೊಳ್ಳುವ ಡಬ್ಬಿ ಇರುವ ಕಾರಿನಲ್ಲಿ ಅವನ್ನೂ ನೋಡಿ. ಚೆಕ್ ವಾಲ್ವಿಗೆ ಊದಿದರೆ ಗಾಳಿ ಒಂದೇ ಕಡೆ ಹೋಗಬೇಕು.

ಕೈಯಿಂದ ವ್ಯಾಕ್ಯೂಮ್ ಎಳೆಯುವ ಹ್ಯಾಂಡ್ ಪಂಪಿನಿಂದ ಸರ್ವೋ ಪರೀಕ್ಷಿಸುವವರು ಒಂದು ಕಡೆ ಎಡವುತ್ತಾರೆ. ಕರೆಂಟ್ ಇಲ್ಲದಾಗ ಸರ್ವೋದೊಳಗಿನ ವೆಂಟ್ ವಾಲ್ವ್ (ಹೊರಗಿನ ಗಾಳಿ ಒಳಬಿಡುವ ವಾಲ್ವ್) ತೆರೆದೇ ಇರುತ್ತದೆ. ಹಾಗಾಗಿ ವ್ಯಾಕ್ಯೂಮ್ ನಿಲ್ಲಲಿಲ್ಲ ಎಂದ ಮಾತ್ರಕ್ಕೆ ಡಯಾಫ್ರಮ್ ಹರಿದಿದೆ ಎಂದಲ್ಲ.

ವೇಗ ಅಲೆಯಂತೆ ಏರಿಳಿಯುತ್ತಿದ್ದರೆ ಕೇಬಲ್ ಲೂಸ್ ಆಗಿರಬಹುದು. ಎಂಜಿನ್ ಆರಿಸಿ, ಥ್ರಾಟಲ್ ಪೂರ್ತಿ ಮುಚ್ಚಿದಾಗ ಕೇಬಲ್ಲಿನ ಸಡಿಲ ತೆಗೆಯಿರಿ. ಆದರೆ ಥ್ರಾಟಲ್ ಒಂದು ಕೂದಲಷ್ಟೂ ಅಲುಗಬಾರದು. ಸರ್ವೋದ ಪಟ್ಟಿಯಲ್ಲಿ ತೂತುಗಳಿದ್ದು ಪಿನ್ ಎರಡರ ನಡುವೆ ನಿಂತರೆ ಸಡಿಲ ಉಳಿಯುವ ತೂತನ್ನೇ ಆರಿಸಿ. ಬಿಗಿಯಾದ ಕೇಬಲ್ ಐಡಲ್ ಏರಿಸುತ್ತದೆ. ಸ್ಪೀಡೋಮೀಟರ್ ಮುಳ್ಳೂ ನಡುಗುತ್ತಿದ್ದರೆ ತಪ್ಪು ಸ್ಪೀಡೋ ಕೇಬಲ್ಲಿನದು.

1990ರ ದಶಕದ ಫೋರ್ಡ್ ಇದ್ದರೆ ಇನ್ನೊಂದು ಕೆಲಸ ಮಾಡಲೇಬೇಕು. ಬ್ರೇಕ್ ಒತ್ತಡಕ್ಕೆ ಕ್ರೂಸ್ ಬಿಡಿಸುವ ಸ್ವಿಚ್ಚಿನೊಳಗೆ ಬ್ರೇಕ್ ಆಯಿಲ್ ಸೋರಿ, ನಿಂತ ಗಾಡಿಗಳಿಗೂ ಬೆಂಕಿ ಹತ್ತಿದ್ದರಿಂದ ಕಂಪನಿ ದೊಡ್ಡ ರೀಕಾಲ್ ಮಾಡಿತು, ಅಂದರೆ ಗಾಡಿಗಳನ್ನು ದುರಸ್ತಿಗೆ ವಾಪಸ್ ಕರೆಯಿತು. ಚಾಸಿಸ್ ನಂಬರ್ ಕೊಟ್ಟು ಆ ಕೆಲಸ ಆಗಿದೆಯೇ ಎಂದು ಡೀಲರ್ ಬಳಿ ಕೇಳಿ. ಕ್ರೂಸ್ ಬಳಸದಿದ್ದರೂ ಕೇಳಿ.

ಎಲ್ಲ ಮುಗಿದ ಮೇಲೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಬಿಡಿ, ಟಪ್ಪೆಂದು ಹಿಂದೆ ಬರಬೇಕು. ಖಾಲಿ ರಸ್ತೆಯಲ್ಲಿ ಸೆಟ್ ಮಾಡಿ ಬ್ರೇಕನ್ನು ಹಗುರಾಗಿ ಮುಟ್ಟಿ. ಆ ಕ್ಷಣವೇ ಕ್ರೂಸ್ ಬಿಡದಿದ್ದರೆ ಮೇನ್ ಸ್ವಿಚ್ ಆಫ್ ಮಾಡಿ, ರಿಪೇರಿಯಾಗುವವರೆಗೂ ಸರ್ವೋ ಕೇಬಲನ್ನು ಥ್ರಾಟಲ್ಲಿನಿಂದ ಕಳಚಿಟ್ಟು ಓಡಿಸಿ.