ನೋಟ್‌ಪ್ಯಾಡ್‌ನಲ್ಲೇ ಆಯ್ತು ನಮ್ಮ ಅಂಗಡಿಯ ವೆಬ್ ಪುಟ

ಲಗ್ನಪತ್ರಿಕೆ, ಕರಪತ್ರ, ಸೊಸೈಟಿ ವರದಿ ಅಂತ ಸುಮಾರು ಹದಿನಾರು ವರ್ಷದಿಂದ ಡಿಟಿಪಿ ಮಾಡುತ್ತಿದ್ದೇನೆ. ಅಂಗಡಿಗೊಂದು ವೆಬ್ ಪುಟ ಮಾಡಿಸೋಣ ಅಂತ ಒಬ್ಬರಿಗೆ 5,000 ಅಡ್ವಾನ್ಸ್ ಕೊಟ್ಟೆ. ಒಟ್ಟು 18,000ಕ್ಕೆ ಮಾತಾಗಿತ್ತು. ಎಂಟು ತಿಂಗಳು ಫೋನ್ ಮಾಡಿದ್ದಷ್ಟೇ ಬಂತು. ಸಿಟ್ಟಿಗೆದ್ದು ನಾನೇ ನೋಟ್‌ಪ್ಯಾಡ್ ತೆರೆದೆ. ಪಕ್ಕದ ಟೈಲರ್, "ಅಲ್ಲ ಮಾರಾಯ, ಅದರಲ್ಲಿ ಚೀಟಿ ಬರೆಯೋದಲ್ವಾ?" ಅಂತ ನಕ್ಕ.

ಪುಟದಲ್ಲಿ ಯಾವುದು ಏನು ಅಂತ ಬ್ರೌಸರಿಗೆ ಹೇಳೋ ಗುರುತುಗಳು, ಅಂದರೆ ಟ್ಯಾಗುಗಳ ವಿಷಯ ಬಿಡಿ. ನನ್ನ ಜೀವ ತಿಂದಿದ್ದು ಅಕ್ಷರ.

ಮೊದಲ ಸಲ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫೈಲಿನಿಂದ ದರಪಟ್ಟಿ ಕಾಪಿ ಮಾಡಿ ಹಾಕಿದೆ, ಫಾಂಟ್ ಹೆಸರನ್ನೂ ಕೊಟ್ಟೆ. ನನ್ನ ಕಂಪ್ಯೂಟರಿನಲ್ಲಿ ಮುತ್ತಿನಂಥ ಕನ್ನಡ! ಹೆಂಡತಿಗೆ ಕರೆದು ತೋರಿಸಿದ್ದೂ ಆಯ್ತು. ಗಿರಾಕಿಯೊಬ್ಬರ ಮೊಬೈಲಿನಲ್ಲಿ ನೋಡಿದರೆ ಇಂಗ್ಲಿಷ್ ಅಕ್ಷರಗಳ ಸಂತೆ. ನಾವು ಬಳಸೋ ಹಳೇ ಫಾಂಟು ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಹಾಕುತ್ತೆ, ಅಷ್ಟೇ. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತೆ.

ಸರಿ, ನುಡಿಯಲ್ಲೇ ಯುನಿಕೋಡ್ (ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರೋ ಪದ್ಧತಿ) ಆಯ್ಕೆ ಮಾಡಿಕೊಂಡು ಎಲ್ಲ ಹೊಸದಾಗಿ ಕುಟ್ಟಿದೆ. ಕೀಲಿಮಣೆ ವಿನ್ಯಾಸ ಅದೇ ಕೆ.ಪಿ. ರಾವ್ ಅವರು ರೂಪಿಸಿದ್ದು, ಬೆರಳಿಗೆ ತೊಂದರೆ ಆಗಲಿಲ್ಲ. ನನ್ನದು ವಿಂಡೋಸ್ 7. ಸೇವ್ ಮಾಡುವಾಗ ಅದೇನೋ ಎಚ್ಚರಿಕೆ ಬಂತು, ಅಭ್ಯಾಸಬಲದಿಂದ ಓಕೆ ಒತ್ತಿದೆ. ಬೆಳಗ್ಗೆ ತೆರೆದರೆ ಪೂರ್ತಿ ಪ್ರಶ್ನಾರ್ಥಕ ಚಿಹ್ನೆ! ಮೂರು ಗಂಟೆಯ ಕೆಲಸ ನೀರಿಗೆ. ಹಳೇ ನೋಟ್‌ಪ್ಯಾಡ್ ತಾನಾಗಿ ಆನ್ಸಿ ಅನ್ನೋ ಹಳೇ ಸಂಕೇತ ಪದ್ಧತಿಯಲ್ಲಿ ಉಳಿಸುತ್ತೆ, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. 'ಸೇವ್ ಆ್ಯಸ್'ನ ಕೆಳಗಡೆ ಎನ್ಕೋಡಿಂಗ್ ಅಂತ ಇರುತ್ತೆ, ಅಲ್ಲಿ ಯುನಿಕೋಡ್ ಉಳಿಸೋ ಯುಟಿಎಫ್-8 ಆರಿಸಬೇಕು. 2019ರ ಅಪ್‌ಡೇಟ್ ಆದ ವಿಂಡೋಸ್ 10ರವರಿಗೆ ಈ ಗೋಳಿಲ್ಲ.

ಫೈಲ್ ಟೈಪ್ 'ಆಲ್ ಫೈಲ್ಸ್' ಮಾಡದೆ ಹೆಸರಿನ ಬಾಲಕ್ಕೆ ಡಾಟ್ ಟಿಎಕ್ಸ್‌ಟಿ ಅಂಟಿಕೊಂಡು, ಬ್ರೌಸರ್ ಅದನ್ನು ವೆಬ್ ಪುಟ ಅಂತ ಗುರುತಿಸದೆ ಅರ್ಧ ದಿನ ಹೋಯ್ತು. ಅದನ್ನ ಜಾಸ್ತಿ ಹೇಳಲ್ಲ, ಮರ್ಯಾದೆ ಪ್ರಶ್ನೆ.

ಆಮೇಲೂ ಒಂದು ಫೋನಿನಲ್ಲಿ ಕನ್ನಡದ ಬದಲು ತಲೆ ಮೇಲೆ ಗೀಟಿರುವ ಇಂಗ್ಲಿಷ್ 'ಎ'ಗಳ ಸಾಲು. ಯುಟಿಎಫ್-8ರಲ್ಲಿ 'ಕನ್ನಡ' ಅನ್ನೋ ಒಂದು ಪದಕ್ಕೇ 15 ಬೈಟ್ (ಕಂಪ್ಯೂಟರ್ ಮಾಹಿತಿಯ ಚಿಕ್ಕ ತುಂಡು) ಬೇಕು. ಇದು ಯುಟಿಎಫ್-8 ಅಂತ ಬ್ರೌಸರಿಗೆ ಮೊದಲೇ ತಿಳಿಸದಿದ್ದರೆ ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂದುಕೊಳ್ಳುತ್ತೆ. ಹೆಡ್ಡಿನೊಳಗೆ, ಅಂದರೆ ಪುಟದ ತಲೆಭಾಗದಲ್ಲಿ, ಮೊಟ್ಟಮೊದಲು ಅದನ್ನು ತಿಳಿಸೋ ಮೆಟಾ ಚಾರ್‌ಸೆಟ್ ಸಾಲು ಹಾಕಿದೆ. ಅವತ್ತಿನಿಂದ ಯಾವ ಫೋನಿನಲ್ಲೂ ಕೆಟ್ಟಿಲ್ಲ.

ನಡುವೆ ಒಂದು ಸಂಜೆ ಸುಮ್ನೆ ಸಾಲುಗಳ ಅಂತರದ ಜೊತೆ ಆಟ ಆಡಿದೆ. ಅಕ್ಷರದ ಅಳತೆಯ 1.2 ಪಟ್ಟು ಕೊಟ್ಟರೆ 'ರಾಷ್ಟ್ರ'ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತೆ. 1.7ಕ್ಕೆ ನಿಂತೆ. ಪತ್ರಿಕೆ ಪುಟ ಕಟ್ಟಿದ ಕಣ್ಣು ಇಲ್ಲಿ ಕೆಲಸಕ್ಕೆ ಬಂತು, ಹೊಸ ಹುಡುಗರಿಗೆ ಇದು ಕಾಣೋದೇ ಇಲ್ಲ.

ಖರ್ಚು? ಪುಟ ಇಡೋ ಜಾಗ ಗಿಟ್‌ಹಬ್‌ನಲ್ಲಿ ಪುಕ್ಕಟೆ. ಡೊಮೇನ್, ಅಂದರೆ ಪುಟದ ವಿಳಾಸದ ಹೆಸರು, ಮೊದಲ ವರ್ಷ ನೂರರ ಆಸುಪಾಸು ಅಂತ ಆಸೆ ತೋರಿಸಿ, ಎರಡನೇ ವರ್ಷ ಸಾವಿರದ ಮೇಲೆ ಕಿತ್ತರು. ತಗೊಳ್ಳುವಾಗಲೇ ನವೀಕರಣದ ದರ ನೋಡಿ. ಪತ್ರಿಕೆಗಳ ಫೋಟೋ 4 ಎಂಬಿ ಇದ್ದದ್ದನ್ನು 90 ಕೆಬಿ ಹತ್ತಿರಕ್ಕೆ ಇಳಿಸಿದೆ. ಆದರೂ ಅರ್ಧ ಫೋಟೋ ಕಾಣಲಿಲ್ಲ. ಫೈಲ್ ಹೆಸರಿನ ಬಾಲಕ್ಕೆ ಕ್ಯಾಮೆರಾ ಕೊಟ್ಟಿದ್ದು ದೊಡ್ಡಕ್ಷರದ ಜೆಪಿಜಿ, ನಾನು ಪುಟದಲ್ಲಿ ಬರೆದದ್ದು ಸಣ್ಣಕ್ಷರ. ವಿಂಡೋಸ್ ಕ್ಷಮಿಸುತ್ತೆ, ಸರ್ವರ್ ಕ್ಷಮಿಸಲ್ಲ.

ಹಳೇ ನುಡಿ ಫೈಲುಗಳನ್ನು ಯುನಿಕೋಡಿಗೆ ಬದಲಿಸೋ ಪರಿವರ್ತಕಕ್ಕೆ ಹಾಕಿದಾಗ ಅರ್ಕಾವತ್ತು ಅಲ್ಲಲ್ಲಿ ಮುರಿಯಿತು. ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಬದಲಿಸಬೇಕು ಅಂತ ನನ್ನ ಹತ್ತಿರ ಇಪ್ಪತ್ತು ಚಿಲ್ಲರೆ ಸಾಲಿನ ಪಟ್ಟಿ ಇದೆ. ಅದನ್ನ ಮಾತ್ರ ಕೊಡಲ್ಲ, ಹೊಟ್ಟೆಪಾಡು.

ಪುಟ ನೋಡಿ ಮೊದಲ ತಿಂಗಳು ಮೂರು ಲಗ್ನಪತ್ರಿಕೆ ಆರ್ಡರ್ ಬಂತು. ಹೋದ ವಾರ ಟೈಲರ್ ಕೂಡ ಬಂದ, ತನಗೂ ಒಂದು ಪುಟ ಬೇಕಂತೆ. 1,500 ಹೇಳಿದೆ, ಚೌಕಾಸಿ ಮಾಡದೆ ಒಪ್ಪಿದ. ವಿವರ ಎಲ್ಲ ಪೆನ್ ಡ್ರೈವಿನಲ್ಲಿದೆ ಅಂತ ಕೊಟ್ಟು ಹೋದ. ತೆರೆದು ನೋಡಿದರೆ ಹಳೇ ನುಡಿ ಫೈಲು.